ನಿದ್ದೆಗೆಟ್ಟ ಕಿರಿಯ ವೈದ್ಯರು ಮತ್ತು ಡಾ. ಹಾಲ್‌ಸ್ಟೆಡ್

ಗದಗ: ಹಿರೇಹಂದಿಗೋಳದಂಥ ಊರಿನಿಂದ ರೋಗಿಯೊಬ್ಬನನ್ನು ನಡುರಾತ್ರಿ ಗದಗ ಇಲ್ಲವೇ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆತಂದರೆ ಮೊದಲು ಎದುರಾಗುವವರು ಸಾಮಾನ್ಯವಾಗಿ ತರಬೇತಿಯಲ್ಲಿರುವ ಕಿರಿಯ ವೈದ್ಯರು. ಹಗಲಿರುಳು ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಈ ಪದ್ಧತಿಗೆ ರೂಪು ಕೊಟ್ಟವರಲ್ಲಿ ಪ್ರಮುಖರು ಅಮೆರಿಕದ ಶಸ್ತ್ರವೈದ್ಯ ಡಾ. ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್.

ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ 1852ರ ಸೆಪ್ಟೆಂಬರ್ 23ರಂದು ಹುಟ್ಟಿದ ಅವರು ವೈದ್ಯ ಪದವಿ ಪಡೆದ ಬಳಿಕ ಎರಡು ವರ್ಷ ಯುರೋಪಿನಲ್ಲಿ ಕಲಿತರು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಕೊಕೇನ್ ಅರಿವಳಿಕೆಯಾಗಿ ಕೆಲಸ ಮಾಡುತ್ತದೆಂಬ ಸಂಗತಿ 1884ರಲ್ಲಿ ವಿಯೆನ್ನಾದಿಂದ ಪ್ರಕಟವಾಯಿತು. ಹಾಲ್‌ಸ್ಟೆಡ್ ತಮ್ಮ ಮೇಲೂ ಸಹೋದ್ಯೋಗಿಗಳ ಮೇಲೂ ಅದನ್ನು ಪ್ರಯೋಗಿಸಿದರು. ನರಕ್ಕೆ ಚುಚ್ಚುಮದ್ದು ಕೊಟ್ಟು ನೋವು ತಡೆಯುವ ವಿಧಾನ ಜಗತ್ತಿಗೆ ದೊರೆಯಿತು. ಪ್ರಯೋಗಿಸಿದವರು ವ್ಯಸನಕ್ಕೆ ಬಿದ್ದರು. ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ಹಾಲ್‌ಸ್ಟೆಡ್ ಅಲ್ಲಿಂದ ಮಾರ್ಫಿನ್ ಅವಲಂಬನೆಯೊಂದಿಗೆ ಹೊರಬಂದರು.

ಗೆಳೆಯ ವಿಲಿಯಂ ವೆಲ್ಚ್ ಅವರನ್ನು ಬಾಲ್ಟಿಮೋರ್‌ಗೆ ಕರೆಸಿಕೊಂಡರು. 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅವರು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ಔಷಧ ದ್ರಾವಣದಿಂದ ಕೈ ಕೆಡಿಸಿಕೊಂಡಿದ್ದ ದಾದಿ ಕ್ಯಾರೋಲಿನ್ ಹ್ಯಾಂಪ್ಟನ್ ಅವರಿಗಾಗಿ ರಬ್ಬರ್ ಕೈಗವಸು ಮಾಡಿಸಿ, ಮುಂದೆ ಅವರನ್ನೇ ವರಿಸಿದರು.

ಜರ್ಮನಿಯ ಮಾದರಿಯಲ್ಲಿ ಅವರು ಕಟ್ಟಿದ ತರಬೇತಿಗೆ ಅವಧಿಯ ಮಿತಿಯಿರಲಿಲ್ಲ. ಕಿರಿಯರು ಆಸ್ಪತ್ರೆಯಲ್ಲೇ ವಾಸಿಸಬೇಕು, ಯಾವ ಹೊತ್ತಿನಲ್ಲಿ ಕರೆದರೂ ಬರಬೇಕು, ಮದುವೆಯ ಮಾತೆತ್ತಬಾರದು. ಅನೇಕರಲ್ಲಿ ಒಬ್ಬಿಬ್ಬರೇ ಮೇಲಿನ ಹಂತ ತಲುಪುತ್ತಿದ್ದರು. ಮಿದುಳು ಶಸ್ತ್ರಚಿಕಿತ್ಸೆಯ ಹಾರ್ವೆ ಕುಶಿಂಗ್ ಹೀಗೆ ಬೆಳೆದವರು. ಗುರುವಿನ ದಿನಚರಿ ಮಾತ್ರ ಬೇರೆಯಾಗಿತ್ತು. ತಮ್ಮ ಅಂಗಿಗಳನ್ನು ಒಗೆಯಲು ಪ್ಯಾರಿಸ್ಸಿಗೆ ಕಳುಹಿಸುತ್ತಿದ್ದ ಅವರು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಲ್ಲೇ ಇರುತ್ತಿರಲಿಲ್ಲ. ಕೊಕೇನ್ ನಿದ್ದೆಗೆಡಿಸಿದ್ದರಿಂದಲೇ ಇಂಥ ದುಡಿಮೆ ಹೇರಿದರೆಂದು ಹೇಳುವವರುಂಟು. ಇದು ತುಸು ಅವಸರದ ತೀರ್ಮಾನ. ಅಗ್ಗದ ಕೈಗಳು ಸಿಕ್ಕ ಆಸ್ಪತ್ರೆಗಳು ಅವರ ಕಾಲದ ನಂತರವೂ ಅದೇ ದುಡಿಮೆಯನ್ನು ಸಂತೋಷದಿಂದ ಮುಂದುವರಿಸಿದವು.

ಪಿತ್ತಕೋಶದ ಶಸ್ತ್ರಚಿಕಿತ್ಸೆಯ ತರುವಾಯ 1922ರ ಸೆಪ್ಟೆಂಬರ್ 7ರಂದು ಹಾಲ್‌ಸ್ಟೆಡ್ ತೀರಿಕೊಂಡರು. ಅವರ ಮಾರ್ಫಿನ್ ಸೇವನೆ ದೀರ್ಘಕಾಲ ಮುಂದುವರಿದಿತ್ತೆಂಬುದು ಲೋಕಕ್ಕೆ ತಿಳಿದದ್ದು, ಸಹೋದ್ಯೋಗಿ ವಿಲಿಯಂ ಆಸ್ಲರ್ ಗುಟ್ಟಾಗಿ ಬರೆದಿಟ್ಟಿದ್ದ ಟಿಪ್ಪಣಿ 1969ರಲ್ಲಿ ಪ್ರಕಟವಾದಾಗ.

ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 1984ರಲ್ಲಿ 18 ವರ್ಷದ ವಿದ್ಯಾರ್ಥಿನಿ ಸತ್ತ ಪ್ರಕರಣದ ನಂತರ ಕಿರಿಯ ವೈದ್ಯರ ದಣಿವು ಸಾರ್ವಜನಿಕ ಚರ್ಚೆಗೆ ಬಂತು. ಅಮೆರಿಕವು 2003ರಲ್ಲಿ ದೇಶವ್ಯಾಪಿಯಾಗಿ ವಾರಕ್ಕೆ 80 ಗಂಟೆಗಳ ಮಿತಿ ತಂದಿತು. ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ 1992ರ ಆದೇಶ ದಿನಕ್ಕೆ 12, ವಾರಕ್ಕೆ 48 ಗಂಟೆ ಎಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಅಂಕಿಯನ್ನೇ ನಮೂದಿಸದೆ, ಸಮಂಜಸ ಅವಧಿಯ ಕೆಲಸ ಎಂದಷ್ಟೇ ಹೇಳಿತು. ಅದೇ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ್ದು ವಾರಕ್ಕೆ 74 ಗಂಟೆ.