ಇತಿಹಾಸದ ಸೇವಕ ವಂ. ಫಾದರ್ ಹೆನ್ರಿ ಹೆರಾಸ್

ಈ ಸಂಚಿಕೆಗಾಗಿ ನಮ್ಮ ದೇವಾಲಯದ ಹಳೆಯ ಜ್ಞಾನಸ್ನಾನದ ದಫ್ತರಗಳನ್ನು ಬಿಚ್ಚಿದಾಗ ಹಲವು ಹಾಳೆಗಳು ಗೆದ್ದಲಿನ ಪಾಲಾಗಿರುವುದನ್ನು ಕಂಡು ಮನಸ್ಸು ಮುದುಡಿತು. ಆ ಹಾಳೆಗಳಲ್ಲಿದ್ದ ಹೆಸರುಗಳನ್ನು ಇನ್ನು ಯಾರೂ ಓದಲಾರರು. ಆಗ ನೆನಪಿಗೆ ಬಂದವರು ಇಂತಹ ನಷ್ಟವನ್ನು ತಡೆಯುವುದಕ್ಕಾಗಿಯೇ ಬಾಳನ್ನು ಸವೆಸಿದ ಯೇಸುಸಭೆಯ ಗುರುವರ್ಯ ಫಾದರ್ ಹೆನ್ರಿ ಹೆರಾಸ್ ಅವರು.

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 1888ರ ಸೆಪ್ಟೆಂಬರ್ 11ರಂದು ಜನಿಸಿದ ಇವರು 1904ರಲ್ಲಿ ಯೇಸುಸಭೆಯನ್ನು ಸೇರಿ, 1920ರಲ್ಲಿ ಗುರುದೀಕ್ಷೆ ಪಡೆದರು. 1922ರಲ್ಲಿ ಮುಂಬಯಿಗೆ ಬಂದು ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾದರು. ಯಾವ ದೇಶದ ಇತಿಹಾಸವನ್ನು ಬೋಧಿಸುವಿರೆಂದು ಕೇಳಿದಾಗ, ತಮಗೆ ಏನೇನೂ ತಿಳಿಯದ ಭಾರತದ ಇತಿಹಾಸವನ್ನೇ ಅವರು ಆರಿಸಿಕೊಂಡರೆಂದು ಹೇಳುವುದುಂಟು. ಮೂವತ್ತನಾಲ್ಕರ ವಯಸ್ಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾದರು.

ನಾಲ್ಕು ವರ್ಷಗಳೊಳಗೆ, ಅಂದರೆ 1926ರಲ್ಲಿ, ಅದೇ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಇತಿಹಾಸವನ್ನು ಬರೆಯುವ ಕ್ರಮವನ್ನು ವಿವರಿಸುವ ಪುಸ್ತಕವೊಂದನ್ನೂ ಆ ವರ್ಷವೇ ಹೊರತಂದರು. ಕೇಳಿದ ಕಥೆಯನ್ನು ಹಾಗೆಯೇ ಒಪ್ಪಲಾಗದು, ಶಾಸನ, ನಾಣ್ಯ, ಪತ್ರ, ಶಿಲ್ಪಗಳನ್ನು ಒಂದರೊಡನೊಂದು ಒರೆಗೆ ಹಚ್ಚಿ ನೋಡಬೇಕು ಎಂಬುದು ಅವರ ನಿಲುವು. ಆದುದರಿಂದಲೇ ಸಂಸ್ಥೆಯಲ್ಲಿ ಪುಸ್ತಕಗಳ ಜೊತೆಗೆ ಹಳೆಯ ನಾಣ್ಯಗಳು, ಕಲ್ಲಿನ ವಿಗ್ರಹಗಳು, ಮುದ್ರೆಗಳು, ದಂತದ ಕ್ರೈಸ್ತ ಪ್ರತಿಮೆಗಳು ಬಂದು ಸೇರಿದವು.

ಕನ್ನಡಿಗರಾದ ನಾವು ಇವರಿಗೆ ಸಲ್ಲಿಸಬೇಕಾದ ಋಣ ಸಣ್ಣದಲ್ಲ. 1565ರ ತಾಳಿಕೋಟೆ ಯುದ್ಧದೊಡನೆ ವಿಜಯನಗರದ ಕಥೆ ಮುಗಿಯಿತೆಂದೇ ಬಹುಜನರು ಭಾವಿಸಿದ್ದ ಕಾಲವದು. 1927ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಫಾದರ್ ಹೆರಾಸರು 1542ರಿಂದ 1614ರವರೆಗಿನ ಅರವೀಡು ಮನೆತನದ ಚರಿತ್ರೆಯನ್ನು ವಿಸ್ತಾರವಾಗಿ ಬಿಡಿಸಿಟ್ಟರು. 1598ರಿಂದ ಚಂದ್ರಗಿರಿಯಲ್ಲಿ ಅರಸ ವೆಂಕಟಪತಿರಾಯನ ಆಶ್ರಯದಲ್ಲಿದ್ದ ಯೇಸುಸಭೆಯ ಗುರುಗಳು ತಮ್ಮ ಮೇಲಧಿಕಾರಿಗಳಿಗೆ ಬರೆದ ಪತ್ರಗಳು ಐರೋಪ್ಯ ದಫ್ತರಖಾನೆಗಳಲ್ಲಿ ಉಳಿದಿದ್ದವು. ಒಂದು ಕಡೆ ಆ ಪತ್ರಗಳು, ಮತ್ತೊಂದು ಕಡೆ ಹಿಂದೂ ದೇವಾಲಯಗಳ ಗೋಡೆಯ ಶಾಸನಗಳು, ಇವೆರಡನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಕುಳಿತ ಗುರುವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ! ಇಕ್ಕೇರಿಯ ವೆಂಕಟಪ್ಪ ನಾಯಕನ ಯುದ್ಧಗಳನ್ನು ಕುರಿತೂ ಅವರು ಬರೆದರು. ಅವರ ಶಿಷ್ಯ ಜಾರ್ಜ್ ಮೊರಾಯಸ್ ಅವರು ಬರೆದ ಕದಂಬರ ಇತಿಹಾಸ 1931ರಲ್ಲಿ ಹೊರಬಂದಿತು. ಆ ಕದಂಬರ ಜಾಡನ್ನೇ ಹಿಡಿದು 1929ರಲ್ಲಿ ಗೋವೆಯ ಚಾಂದೋರಿನಲ್ಲಿ ನೆಲವನ್ನು ಅಗೆಸಿದಾಗ ಹಳೆಯ ದೇವಾಲಯದ ತಳಪಾಯವೂ ತಲೆ ಮುರಿದ ನಂದಿಯೂ ಬೆಳಕಿಗೆ ಬಂದವು.

ಎಲ್ಲರೂ ಅವರನ್ನು ಮೆಚ್ಚಿದರೆಂದು ಬರೆದರೆ ಸುಳ್ಳಾದೀತು. ವಿದ್ಯಾರಣ್ಯರು ವಿಜಯನಗರವನ್ನು ಕಟ್ಟಿಸಿದರೆಂಬ ಕಥೆ ಹದಿನಾರನೆಯ ಶತಮಾನದಲ್ಲಿ ಹುಟ್ಟಿದ್ದೆಂದೂ, ಆ ಪಟ್ಟಣದ ಮೂಲವನ್ನು ಹೊಯ್ಸಳರ ಮೂರನೆಯ ಬಲ್ಲಾಳನಲ್ಲಿ ಹುಡುಕಬೇಕೆಂದೂ ಅವರು 1929ರಲ್ಲಿ ವಾದಿಸಿದರು. ಅನೇಕ ವಿದ್ವಾಂಸರು ಇದನ್ನು ಬಲವಾಗಿ ಖಂಡಿಸಿದರು. ಪರದೇಶದ ಪಾದ್ರಿಯೊಬ್ಬರು ಇಲ್ಲಿನ ಪೂಜ್ಯ ಪರಂಪರೆಯನ್ನು ಪ್ರಶ್ನಿಸಿದರೆ ನೋವಾಗುವುದು ಸಹಜವೇ. ಆದರೆ ಅವರ ವಾದ ನಿಂತದ್ದು ಶಾಸನಗಳ ಮೇಲೆ. ವಿರೋಧಿಗಳು ಸಹ ಅದೇ ಶಾಸನಗಳನ್ನು ಓದಿಯೇ ಉತ್ತರಿಸಬೇಕಾಯಿತು.

ಸಿಂಧೂ ಕಣಿವೆಯ ಲಿಪಿಯ ವಿಷಯದಲ್ಲಂತೂ ಅವರು ಅತಿಯಾದ ಧೈರ್ಯವನ್ನೇ ತೋರಿದರೆಂದು ನನಗನ್ನಿಸುತ್ತದೆ. ಮೊಹೆಂಜೊದಾರೋ ಮುದ್ರೆಗಳ ಭಾಷೆ ಮೂಲದ್ರಾವಿಡವೆಂದು ನಿರ್ಧರಿಸಿ, ಮುದ್ರೆಯಾದ ಮೇಲೆ ಮುದ್ರೆಯನ್ನು ಓದಿಬಿಟ್ಟರು. 1953ರಲ್ಲಿ ಅದರ ದೊಡ್ಡ ಸಂಪುಟವೂ ಬಂದಿತು. ಆ ಓದುಗಳಲ್ಲಿ ಬಹುಪಾಲನ್ನು ಪಂಡಿತರು ಒಪ್ಪಲಿಲ್ಲ. ಆದರೂ ಮೀನಿನ ಗುರುತನ್ನು ‘ಮೀನ್’ ಎಂದೇ ಓದಬೇಕು, ಆ ಶಬ್ದಕ್ಕೆ ನಕ್ಷತ್ರವೆಂಬ ಅರ್ಥವೂ ಉಂಟು ಎಂಬ ಅವರ ಸೂಚನೆಯನ್ನು ಮುಂದೆ ಫಿನ್‌ಲೆಂಡಿನ ಆಸ್ಕೋ ಪಾರ್ಪೋಲರಂತಹವರು ಕೈಗೆತ್ತಿಕೊಂಡರು.

ಇನ್ನೊಂದು ಸಂಗತಿ ನಮ್ಮ ಮನೆಗೇ ಸೇರಿದ್ದು. ಗೋವೆಯ ಕಲಾವಿದ ಆಂಜೆಲೊ ದ ಫೋನ್ಸೆಕ ದೇವಮಾತೆಗೆ ಸೀರೆ ಉಡಿಸಿ ಚಿತ್ರಿಸಿದಾಗ ನಮ್ಮವರಲ್ಲೇ ಎಷ್ಟೋ ಮಂದಿ ಮುಖ ಸಿಂಡರಿಸಿದರು. ಫಾದರ್ ಹೆರಾಸರು ಆತನಿಗೆ ಬೆನ್ನು ತಟ್ಟಿದರು. ಫೋನ್ಸೆಕರ ಕೆಲವು ಚಿತ್ರಗಳಿಗೆ ಹೆರಾಸರು ಕಟ್ಟಿದ ಸಂಸ್ಥೆಯಲ್ಲಿಯೂ ಆಸರೆ ದೊರೆಯಿತು. ಕಲ್ಲಿನ ವಿಗ್ರಹಗಳಿರುವ ಆ ಸೂರಿನಡಿಯೇ ಸೀರೆಯುಟ್ಟ ಮರಿಯಮ್ಮನವರಿಗೂ ಸ್ಥಳ ದೊರೆಯಿತು.

ಸ್ವಾತಂತ್ರ್ಯಾನಂತರ ಅವರು ಭಾರತದ ಪೌರತ್ವವನ್ನು ಸ್ವೀಕರಿಸಿದರು. 1955ರ ಡಿಸೆಂಬರ್ 14ರಂದು ಮುಂಬಯಿಯಲ್ಲೇ ಪ್ರಭುವಿನ ಪಾದವನ್ನು ಸೇರಿದರು. ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 1981ರಲ್ಲಿ ಭಾರತ ಸರ್ಕಾರವು ಅವರ ಅಂಚೆಚೀಟಿಯನ್ನು ಹೊರತಂದಿತು. ಅವರ ತೀರ್ಮಾನಗಳಲ್ಲಿ ಕೆಲವನ್ನು ಮುಂದಿನವರು ಕೈಬಿಟ್ಟರು. ಅವರು ಕೂಡಿಸಿಟ್ಟ ನಾಣ್ಯ, ಶಿಲ್ಪ, ಮುದ್ರೆಗಳನ್ನು ಪರಿಶೀಲಿಸಲು ಸಂಶೋಧಕರು ಇಂದಿಗೂ ಆ ಕಾಲೇಜಿನ ಮೆಟ್ಟಿಲನ್ನು ಹತ್ತುತ್ತಾರೆ.