ಕೊಳಗದ ಲೆಕ್ಕ ಕೇಳಿದ ಗೋಪಾಲಗೌಡರು

ಬೆಂಗಳೂರಲ್ಲಿ ವಿಧಾನಸೌಧದ ಕಡೆ ಓಡಾಡಿದವರಿಗೆಲ್ಲ ಗೋಪಾಲಗೌಡ ವೃತ್ತ ಗೊತ್ತು. ಸಿಗ್ನಲ್ ಯಾವಾಗ ಬಿಡುತ್ತೋ ಅಂತ ಕಾಯ್ತಾ ನಿಲ್ಲೋ ಜಾಗ ಅದು. ಆ ಹೆಸರಿನ ಮನುಷ್ಯ ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು, ಯಾರೋ ಹಳೇ ಮಂತ್ರಿ ಇರಬೇಕು ಅಂತೀವಿ. ಆದರೆ ಶಾಂತವೇರಿ ಗೋಪಾಲಗೌಡರು ಯಾವತ್ತೂ ಮಂತ್ರಿಯಾಗಲಿಲ್ಲ. ಶಾಸಕರಾಗಿದ್ದಷ್ಟು ಕಾಲವೂ ವಿರೋಧ ಪಕ್ಷದಲ್ಲೇ ಕೂತರು. ಅವರ ರಾಜಕೀಯ ನಮ್ಮಂಥ ಎಂಜಿನಿಯರಿಂಗ್ ಓದುವವರಿಗೆ ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ ಅನ್ನೋದು ನಮ್ಮ ಅನಿಸಿಕೆ. ಯಾಕಂದ್ರೆ ಅವರನ್ನು ನಾಡಿಗೆ ಪರಿಚಯಿಸಿದ ಹೋರಾಟ ಶುರುವಾಗಿದ್ದು ಒಂದು ಅಳತೆಯ ಪಾತ್ರೆಯಿಂದ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮನೆಯಲ್ಲಿ ಬಡತನ. 1942ರ ಚಲೇಜಾವ್ ಚಳವಳಿಗೆ ಇಳಿದು ಜೈಲಿಗೆ ಹೋದಾಗ ಅವರಿಗೆ ಈಗ ನಮಗಿರುವಷ್ಟೇ ವಯಸ್ಸು. ಮುಂದೆ ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಪಕ್ಷ ಅವರನ್ನು ಸೆಳೀತು. ಸ್ವಾತಂತ್ರ್ಯ ಬಂತು, ಆದರೆ ಮಲೆನಾಡಿನ ಗದ್ದೆಗಳಲ್ಲಿ ಏನೂ ಬದಲಾಗಿರಲಿಲ್ಲ. ಗದ್ದೆ ಒಡೆಯರದ್ದು, ಉಳೋದು ಗೇಣಿದಾರರು. ಬೆಳೆ ಬಂದಮೇಲೆ ಇಷ್ಟು ಅಂತ ಭತ್ತವನ್ನು ಗೇಣಿಯಾಗಿ ಅಳೆದು ಕೊಡಬೇಕು. ಅದರ ಮೇಲೆ ಒಡೆಯರ ಮನೆಯ ಬಿಟ್ಟಿ ಕೆಲಸ ಬೇರೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಾಗಿ ದೀವರು. ಅಲ್ಲಿ ಜಗಳಕ್ಕೆ ಕಾರಣ ಆಗಿದ್ದು ಕೊಳಗ, ಅಂದ್ರೆ ಭತ್ತ ಅಳೆಯೋ ಪಾತ್ರೆ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಬಳಸ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಹತ್ತಕ್ಕೆ ಒಂದು ಪಾಲು ದೊಡ್ಡದು ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಕೊಳ್ಳೋಣ. 100 ಕೊಳಗ ಗೇಣಿ ಕೊಡೋನು ನಿಜವಾಗಿ 110 ಕೊಟ್ಟ ಹಾಗಾಯ್ತು. ಪುಸ್ತಕದಲ್ಲಿ ಮಾತ್ರ 100 ಅಂತಲೇ ಇರುತ್ತೆ. ಲ್ಯಾಬಲ್ಲಿ ನಾವು ಇದನ್ನು ಸಿಸ್ಟಮ್ಯಾಟಿಕ್ ಎರರ್ ಅಂತೀವಿ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಅದು ಹೋಗಲ್ಲ, ಯಾಕಂದ್ರೆ ತಪ್ಪಿರೋದು ಉಪಕರಣದಲ್ಲೇ. ಇನ್ನೊಂದು ಪಾತ್ರೆ ತಂದು ಹೋಲಿಸಿ ನೋಡಿದರೆ ಗೊತ್ತಾಗುತ್ತೆ. ಆದರೆ ಹಾಗೆ ಹೋಲಿಸೋಣ ಅಂತ ಕೇಳೋ ಧೈರ್ಯ ಗೇಣಿದಾರನಿಗೆ ಎಲ್ಲಿಂದ ಬರಬೇಕು? ಕೇಳಿದ್ರೆ ಮುಂದಿನ ವರ್ಷ ಗದ್ದೆಯೇ ಇರಲ್ಲ.

ಆ ಧೈರ್ಯ ಕೊಟ್ಟವರು ಎಚ್. ಗಣಪತಿಯಪ್ಪನವರು ಕಟ್ಟಿದ ಸಾಗರ ತಾಲ್ಲೂಕು ರೈತ ಸಂಘ. ರೈತರು ದೊಡ್ಡ ಕೊಳಗದಲ್ಲಿ ಅಳೆಯಲ್ಲ ಅಂದರು. ಒಡೆಯರು ಅವರನ್ನು ಗದ್ದೆಯಿಂದ ಬಿಡಿಸಲು ಹೊರಟರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯ್ತು. ಸತ್ಯಾಗ್ರಹ ಅಂದ್ರೆ ಇಲ್ಲಿ ಮೈದಾನದಲ್ಲಿ ಭಾಷಣ ಅಲ್ಲ. ರೈತರು ನೇಗಿಲು ಹಿಡಿದು ತಾವು ಉಳ್ತಿದ್ದ ಗದ್ದೆಗೇ ಇಳಿಯೋದು, ಪೊಲೀಸರು ಬಂದು ಹಿಡಿದುಕೊಂಡು ಹೋಗೋದು, ಮತ್ತೊಂದು ತಂಡ ಇಳಿಯೋದು.

ಸಮಾಜವಾದಿ ಪಕ್ಷ ಈ ಹೋರಾಟವನ್ನು ತನ್ನದು ಮಾಡಿಕೊಳ್ತು. ಮುಂದೆ ನಿಂತವರಲ್ಲಿ ಗೋಪಾಲಗೌಡರು ಒಬ್ಬರು, ಆಗ ಅವರಿಗೆ 28 ವರ್ಷ. ಅವರು ಆ ಊರಿನವರಲ್ಲ, ಗೇಣಿದಾರರ ಜಾತಿಯವರೂ ಅಲ್ಲ. ಹಾಗಾಗಿ ಒಂದೂರಿನ, ಒಂದು ಜಾತಿಯ ಜಗಳ ಅಂತ ತಳ್ಳಿಹಾಕಬಹುದಾಗಿದ್ದ ವಿಷಯ ಇಡೀ ರಾಜ್ಯದ ಭೂಮಿಯ ಪ್ರಶ್ನೆ ಆಯ್ತು. ಜೂನ್‌ನಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನೂ ಬಂಧಿಸಿದರು.

ಸತ್ಯಾಗ್ರಹಕ್ಕೆ ತಕ್ಷಣ ಗೆಲುವು ಸಿಗಲಿಲ್ಲ ಅನ್ನೋದನ್ನು ನಾವು ಮುಚ್ಚಿಡಬಾರದು. ಜೈಲಿಂದ ಬಂದವರಿಗೆ ಗದ್ದೆ ಕಾದಿರಲಿಲ್ಲ. ಆದರೆ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಕಾಂಗ್ರೆಸ್ಸಿನ ಬದರಿನಾರಾಯಣ ಅವರನ್ನು ಸೋಲಿಸಿ, ಕೈಯಲ್ಲಿ ಕಾಸಿಲ್ಲದ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಓಟಿನ ಜೊತೆ ಕೈಲಾದಷ್ಟು ದುಡ್ಡನ್ನೂ ಜನರ ಹತ್ತಿರವೇ ಕೇಳಿ ಚುನಾವಣೆ ಮಾಡಿದವರು ಅವರು. ಓಟಿಗೆ ದುಡ್ಡು ಹಂಚೋದನ್ನು ನೋಡಿ ಬೆಳೆದಿರೋ ನಮಗೆ ಇದು ಉಲ್ಟಾ ಅನಿಸುತ್ತೆ.

1957ರಲ್ಲಿ ಅವರು ಗೆಲ್ಲಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸದನದಲ್ಲಿ ಭೂಮಿ, ಗೇಣಿ, ಕನ್ನಡ, ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು, ಇವುಗಳಿಗಾಗಿ ಗಟ್ಟಿಯಾಗಿ ವಾದಿಸಿದರು. 1961ರಲ್ಲಿ ಭೂಸುಧಾರಣೆ ಕಾಯ್ದೆ ಬಂತು, ಆದರೆ ಒಡೆಯರು ಭೂಮಿಯನ್ನು ಸ್ವಂತಕ್ಕೆ ಅಂತ ವಾಪಸ್ ಪಡೆಯೋಕೆ ಅದರಲ್ಲಿ ದಾರಿಗಳಿದ್ದವು. ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಅವರಂಥ ಕಿರಿಯರು ರಾಜಕೀಯ ಕಲಿತದ್ದು ಇದೇ ಸಮಾಜವಾದಿ ಬಳಗದಲ್ಲಿ.

ಅದೇ ಕಾಲಕ್ಕೆ ಸಾಗರ, ಹೊಸನಗರದ ಕಡೆ ಇನ್ನೊಂದು ದೊಡ್ಡ ಬದಲಾವಣೆ ಆಗ್ತಿತ್ತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಗೋಪಾಲಗೌಡರನ್ನು ಮೊದಲು ಆರಿಸಿ ಕಳಿಸಿದ ಎರಡೂ ತಾಲ್ಲೂಕುಗಳ ಕಾಡು, ಗದ್ದೆ, ಊರುಗಳು ಹಿನ್ನೀರಲ್ಲಿ ಮುಳುಗಿದವು. ರಾಜ್ಯಕ್ಕೆ ಕರೆಂಟ್ ಸಿಕ್ಕಿತು. ಊರು ಬಿಟ್ಟವರಲ್ಲಿ ಅನೇಕರ ಕುಟುಂಬಗಳು ತಾವಿರೋ ಜಾಗದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಓಡಾಡ್ತಿವೆ. ಪರಿಹಾರ ಹೋಗೋದು ದಾಖಲೆಯಲ್ಲಿ ಹೆಸರಿದ್ದವರಿಗೆ. ತಲೆಮಾರುಗಟ್ಟಲೆ ಉತ್ತರೂ ಹೆಸರು ದಾಖಲಾಗದ ಗೇಣಿದಾರ ಯಾವ ಕಾಗದ ತೋರಿಸಬೇಕು? ನಮಗೆ ಇದೂ ಕೊಳಗದ ಪ್ರಶ್ನೆಯೇ ಅನಿಸುತ್ತೆ. ಲಾಭವನ್ನು ಮೆಗಾವ್ಯಾಟ್‌ನಲ್ಲಿ ಕರಾರುವಾಕ್ಕಾಗಿ ಅಳೆದರು, ನಷ್ಟವನ್ನು ಅಳೆಯೋ ಪಾತ್ರೆ ಮಾತ್ರ ಚಿಕ್ಕದಾಗಿತ್ತು.

ಆರೋಗ್ಯ ಕೆಟ್ಟು ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ರದ್ದಾಗಿದ್ದು 1974ರ ಮಾರ್ಚ್ 1ರಿಂದ. ಗೇಣಿದಾರರು ಅರ್ಜಿ ಹಾಕಿ ತಾವು ಉಳ್ತಿದ್ದ ಭೂಮಿಗೆ ಮಾಲೀಕರಾದರು. ಎರಡನ್ನೂ ನೋಡೋಕೆ ಅವರಿರಲಿಲ್ಲ. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನ ಹಿಂದೆ ಇರೋದು ಇವರೇ. ನಮ್ಮ ಲೈಬ್ರರಿಯ ಕನ್ನಡ ಕಪಾಟಿನಲ್ಲಿ ಸಿಕ್ಕರೆ ಓದಿ.

ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಜೋರು ಚರ್ಚೆ ನಡೀತಿದೆ. ಸೋಲಾರ್, ಗಾಳಿ ವಿದ್ಯುತ್ ಹೆಚ್ಚಾದ ಹಾಗೆ ಅದನ್ನು ಕೂಡಿಡೋ ವ್ಯವಸ್ಥೆ ಬೇಕು ಅನ್ನೋದು ಒಂದು ಕಡೆ. ಸಿಂಗಳೀಕಗಳ ಅಭಯಾರಣ್ಯ, ಕಣಿವೆಯ ಜನರ ಬದುಕು ಇನ್ನೊಂದು ಕಡೆ. ನಾಲ್ಕೈದು ವರ್ಷದಲ್ಲಿ ನಮ್ಮಲ್ಲೇ ಕೆಲವರು ಇಂಥ ಯೋಜನೆಯ ವರದಿ ಬರೆಯೋ ಮೇಜಿನ ಮುಂದೆ ಕೂತಿರ್ತೀವಿ. ಸಂಖ್ಯೆ ಬರೆಯೋದು ನಮಗೆ ಬರುತ್ತೆ. ಈ ಅಂಕಿ ಅಳೆದ ಕೊಳಗ ಯಾರದ್ದು, ಕಳೆದುಕೊಳ್ಳುವವರು ಅದನ್ನು ಹೋಲಿಸಿ ನೋಡಬಹುದಾ ಅಂತ ಕೇಳೋದನ್ನು ಯಾವ ಸೆಮಿಸ್ಟರ್‌ನಲ್ಲೂ ಹೇಳಿಕೊಡಲ್ಲ. ಅದನ್ನು ಕಾಗೋಡಿನ ರೈತರಿಂದ ಮತ್ತು ಅವರ ಜೊತೆ ನಿಂತ ಗೋಪಾಲಗೌಡರಿಂದಲೇ ಕಲಿಯಬೇಕು.