ಟಿ. ಎಸ್. ಸತ್ಯನ್: ಮಕ್ಕಳ ಫೋಟೊ ತೆಗೆಯುವ ಮೊದಲು ತಿಳಿಯಬೇಕಾದ ಬದುಕು

ಬೋಧನಾಭ್ಯಾಸಕ್ಕೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲೆಗಳಿಗೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಪಾಠಯೋಜನೆಯ ವಿಷಯ ಹೇಳಿ ಮುಗಿಸಿದ ಮೇಲೆ ನಾನು ಒಬ್ಬ ಛಾಯಾಗ್ರಾಹಕರ ಜೀವನವನ್ನೂ ಹೇಳುತ್ತೇನೆ. ಈಗ ರೆಕಾರ್ಡ್ ಪುಸ್ತಕಕ್ಕೆ ಫೋಟೊ ಬೇಕು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಹರಿದ ಸಮವಸ್ತ್ರ ತೊಟ್ಟ ಹುಡುಗಿಯ ಫೋಟೊ ಒಬ್ಬರ ಮೊಬೈಲಿನಿಂದ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಊರೆಲ್ಲ ಸುತ್ತಿ ಅವಳ ಮನೆಗೂ ಮುಟ್ಟಿತು. ಮೂರು ದಿನ ಹುಡುಗಿ ಶಾಲೆಗೆ ಬರಲಿಲ್ಲ. ಫೋಟೊ ತೆಗೆದವರಲ್ಲಿ ಇದ್ದದ್ದು ಕನಿಕರವೇ. ಆದರೆ ಕನಿಕರವೊಂದೇ ಸಾಲದು.

ಸತ್ಯನ್ ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಮಹಾರಾಜ ಕಾಲೇಜಿನಲ್ಲಿ ಓದಿದರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಛಾಯಾಗ್ರಾಹಕರಾದರು. ಮುಂದೆ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದು, ನಂತರ ಸ್ವತಂತ್ರ ಛಾಯಾಗ್ರಾಹಕರಾಗಿ ದೇಶ ಸುತ್ತಿದರು. ಲೈಫ್‌ನಂಥ ವಿದೇಶಿ ಪತ್ರಿಕೆಗಳಲ್ಲೂ ಅವರ ಚಿತ್ರಗಳು ಬಂದವು. ಆದರೂ ಅವರ ಮನಸ್ಸು ನಿಂತದ್ದು ಸಾಮಾನ್ಯ ಜನರ ದಿನನಿತ್ಯದ ಬದುಕಿನಲ್ಲಿ, ಅದರಲ್ಲೂ ಮಕ್ಕಳಲ್ಲಿ.

ಅವರ ಕೆಲಸದ ಬೆಲೆ ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಂದೆ ಹೋಗಬೇಕು. 1876–78ರ ಬರ ನಮ್ಮ ಭಾಗವನ್ನೂ ಬಿಡಲಿಲ್ಲ. ಆಗ ಹಾವೇರಿ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು. ಅದೇ ಬರದಲ್ಲಿ ಮದ್ರಾಸ್ ಪ್ರಾಂತದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಹಸಿದವರನ್ನು ಗುಂಪಾಗಿ ಕೂಡಿಸಿ ಫೋಟೊ ತೆಗೆದರು. ಅವುಗಳಲ್ಲಿ ಎಲುಬು ಎಣಿಸಬಹುದು. ಇವರು ಯಾರು, ಯಾವ ಊರಿನವರು ಎಂಬುದು ತಿಳಿಯುವುದಿಲ್ಲ.

ಸತ್ಯನ್ ಕೂಡ ಬಡತನ, ರೋಗಗಳ ನಡುವೆಯೇ ಕ್ಯಾಮೆರಾ ಹಿಡಿದವರು. ಸಿಡುಬು ನಿರ್ಮೂಲನೆಯ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ದಾಖಲಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಆ ಚಿತ್ರಗಳ ಮಕ್ಕಳು ಬಡವರಿರಬಹುದು. ಆದರೆ ಆಡುತ್ತಾರೆ, ನಗುತ್ತಾರೆ, ಕೆಲಸ ಮಾಡುತ್ತಾರೆ. ನೋಡುವವರಿಗೆ ಮೊದಲು ಕಾಣುವುದು ಮಗು, ಬಡತನ ಆಮೇಲೆ. 2005ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದ ಸತ್ಯನ್, 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ಬದುಕು ನಮಗೆ ಪಾಠವಾಗುವುದು ಬ್ಯಾಡಗಿಯಲ್ಲಿ. ಸುಗ್ಗಿಯಲ್ಲಿ ಅನೇಕ ಮಕ್ಕಳ ತಾಯಂದಿರು ಮೆಣಸಿನಕಾಯಿ ತುಂಬು ಬಿಡಿಸಲು ಹೋಗುತ್ತಾರೆ. ಎಷ್ಟು ಬಿಡಿಸಿದರೆ ಅಷ್ಟೇ ಕೂಲಿ. ಸಮುದಾಯ ಸಮೀಕ್ಷೆಗೆಂದು ಅಲ್ಲಿಗೆ ಹೋದವರು ಅವರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದರೆ ಅಷ್ಟು ಹೊತ್ತಿನ ಕೂಲಿ ಹೋದಂತೆಯೇ. ಹಾಗಾಗಿ ನಾನು ಹೇಳುವ ಕ್ರಮ ಇದು: ಮೊದಲ ದಿನ ಮೊಬೈಲ್ ಚೀಲದಲ್ಲಿರಲಿ. ಅಕ್ಕಾರೆ ಎಂದು ಮಾತಾಡಿಸಿ, ಪಕ್ಕದಲ್ಲಿ ಕುಳಿತು, ಫೋಟೊ ಯಾತಕ್ಕೆ, ಯಾರು ನೋಡುತ್ತಾರೆ ಎಂಬುದನ್ನು ತಿಳಿಸಿ ಕೇಳಬೇಕು. ಬೇಡವೆಂದರೆ ಅಲ್ಲಿಗೆ ಬಿಡಬೇಕು. ತೆಗೆದ ಮೇಲೆ ಅವರಿಗೇ ಮೊದಲು ತೋರಿಸಬೇಕು. ಮಗು ಒಪ್ಪಿದರೂ ಪಾಲಕರನ್ನು ಕೇಳಬೇಕು. ಪಾಲಕರು ಒಪ್ಪಿದರೂ ಮಗು ಮುಖ ತಿರುಗಿಸಿದರೆ ನಿಲ್ಲಿಸಬೇಕು. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ತಿಳಿಯುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ ಎಂಬುದೂ ನೆನಪಿರಲಿ.

ಮಾರ್ಗದರ್ಶಕರಲ್ಲಿ ನನ್ನದೊಂದು ಕೋರಿಕೆ. ರೆಕಾರ್ಡ್ ಪುಸ್ತಕಕ್ಕೆ ಅಂಕ ಕೊಡುವಾಗ ಫೋಟೊಗಳ ಸಂಖ್ಯೆ ನೋಡಬೇಡಿ. ಪ್ರತಿ ಫೋಟೊದ ಕೆಳಗೆ ಯಾರ ಒಪ್ಪಿಗೆ ಪಡೆದರು, ಹೇಗೆ ಕೇಳಿದರು ಎಂದು ಎರಡು ಸಾಲು ಬರೆಸಿ. ಒಪ್ಪಿಗೆ ಸಿಗದ ಕಡೆ ಕೈಯಿಂದ ಬರೆದ ಚಿತ್ರವಿದ್ದರೆ, ಅದಕ್ಕೂ ಅಷ್ಟೇ ಅಂಕ ಕೊಡಿ.